ಹಾಲೆಷ್ಟು, ಅನ್ನವೆಷ್ಟು? ಗಡಿನಾಡಿನ ತಾಯಂದಿರ ಗೊಂದಲಕ್ಕೆ ಮೂರು ಸುದ್ದಿಗಳ ಹಿನ್ನೆಲೆ

ಎರಡು ವರ್ಷಗಳಲ್ಲಿ ಮೂರು ಸುದ್ದಿಗಳು ಒಂದರ ಹಿಂದೊಂದು ಬಂದವು. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳ ಆಹಾರದ ಬಗ್ಗೆ ಹೊಸ ಮಾರ್ಗಸೂಚಿ ಹೊರಡಿಸಿತು. ಎದೆಹಾಲು ಸಿಗದ ಮಗುವಿಗೆ ಆರು ತಿಂಗಳ ನಂತರ ಹಸುವಿನ ಹಾಲನ್ನೂ ಕೊಡಬಹುದು ಎಂಬ ಮಾತು ಅದರಲ್ಲಿತ್ತು. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ, ಭಾರತದಲ್ಲಿ ಮಾರಾಟವಾಗುವ ನೆಸ್ಲೆ ಕಂಪನಿಯ ಶಿಶು ಆಹಾರ ಸೆರೆಲ್ಯಾಕ್‌ನಲ್ಲಿ ಪ್ರತಿ ಬಾರಿಯ ಉಣಿಸಿಗೆ ಸರಾಸರಿ 2.7 ಗ್ರಾಂ ಸಕ್ಕರೆ ಬೆರೆತಿದೆ ಎಂದು ವರದಿ ಮಾಡಿತು. 2025ರ ಜೂನ್‌ನಲ್ಲಿ ಕೇರಳ ಸರ್ಕಾರ ಅಂಗನವಾಡಿಗಳ ಊಟದ ಪಟ್ಟಿಯನ್ನು ಬದಲಿಸಿ, ಮೊಟ್ಟೆ ಬಿರಿಯಾನಿ ಸೇರಿಸಿತು, ಸಕ್ಕರೆ ಮತ್ತು ಉಪ್ಪನ್ನು ಇಳಿಸುವುದಾಗಿ ಹೇಳಿತು.

ಮೂರೂ ಸುದ್ದಿಗಳು ನಿಜ. ಮೂರೂ ಮೊಬೈಲಿನಿಂದ ಮೊಬೈಲಿಗೆ ಹಾರಿ, ಕಾಸರಗೋಡು, ಮಂಜೇಶ್ವರದ ಮನೆಗಳನ್ನು ಅರ್ಧರ್ಧವಾಗಿ ತಲುಪಿದವು. ಹಸುವಿನ ಹಾಲು ಕೊಡಬಹುದು ಎಂಬುದು ಉಳಿಯಿತು, ಯಾವ ಮಗುವಿಗೆ ಎಂಬುದು ಬಿದ್ದುಹೋಯಿತು. ಅಂಗನವಾಡಿಯ ಹೊಸ ಪಟ್ಟಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಎಂಬ ಮಾತು ಬಿರಿಯಾನಿಯ ಪರಿಮಳದಲ್ಲಿ ಕಳೆದುಹೋಯಿತು. ಎಂಟು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಬೇಕಾದ ಉತ್ತರ ಇವುಗಳಲ್ಲಿ ಎಲ್ಲಿದೆ ಎಂದು ಹುಡುಕುವುದು ಈ ಲೇಖನದ ಉದ್ದೇಶ.

ಎರಡು ರಾಜ್ಯಗಳ ಸಲಹೆ, ಒಂದು ತೊಟ್ಟಿಲು

1956ರಲ್ಲಿ ಎಳೆದ ಗಡಿ ಆಡಳಿತವನ್ನು ಬೇರೆ ಮಾಡಿತೇ ಹೊರತು ಆಸ್ಪತ್ರೆಯ ದಾರಿಯನ್ನು ಬದಲಿಸಲಿಲ್ಲ. ಉಪ್ಪಳದ ಮಗು ಹುಷಾರು ತಪ್ಪಿದರೆ ಇಂದಿಗೂ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ಹೆಚ್ಚು. ಹೀಗಾಗಿ ಒಂದೇ ಮಗುವಿನ ಬಗ್ಗೆ ಮಂಗಳೂರಿನ ವೈದ್ಯರದು ಒಂದು ಮಾತು, ಕೇರಳದ ಆಶಾ ಕಾರ್ಯಕರ್ತೆಯದು ಇನ್ನೊಂದು, ಕರ್ನಾಟಕದ ಕಡೆ ಮದುವೆಯಾಗಿ ಹೋದ ಅಕ್ಕನದು ಮತ್ತೊಂದು. ಅಕ್ಕನ ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಸಿಗುವುದು ‘ಪುಷ್ಟಿ’ ಎಂಬ ಪೌಷ್ಟಿಕ ಹುಡಿ, ಇಲ್ಲಿ ಸಿಗುವುದು ‘ಅಮೃತಂ’ ಹುಡಿ. ಇವರೆಲ್ಲರ ನಡುವೆ ಅಜ್ಜಿ, ಆಕೆಯ ಕೈಯಲ್ಲಿ ಕುಚ್ಚಿಲಕ್ಕಿಯ ಗಂಜಿ ತಿಳಿ.

ಹೊರನೋಟಕ್ಕೆ ಇವರೆಲ್ಲ ಪರಸ್ಪರ ವಿರುದ್ಧವಾಗಿ ಮಾತನಾಡುತ್ತಿದ್ದಾರೆ ಅನ್ನಿಸುತ್ತದೆ. ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಹಾಲು ಬಿಡಿಸುವುದು’ ಎನ್ನುತ್ತೇವೆ. ಆ ಮಾತು ಕೇಳಿದರೆ ಅನ್ನ ಬಂದ ದಿನ ಹಾಲು ಹೋಗಬೇಕು ಅನ್ನಿಸುತ್ತದೆ. ವಾಸ್ತವದಲ್ಲಿ ಅನ್ನ ಶುರುವಾಗುವುದು ಆರನೆಯ ತಿಂಗಳಿಗೆ. ಎದೆಹಾಲು ಎರಡು ವರ್ಷ ಅಥವಾ ಅದಕ್ಕೂ ಆಚೆ ಮುಂದುವರಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನಡುವಿನ ಒಂದೂವರೆ ವರ್ಷ ಎರಡೂ ಜೊತೆಯಾಗಿ ನಡೆಯುತ್ತವೆ. ತಕರಾರು ಹುಟ್ಟುವುದು ಈ ಜೊತೆಯ ಲೆಕ್ಕದಲ್ಲಿ.

ಇನ್ನೂರು ಮಿಲಿಲೀಟರಿನ ಹೊಟ್ಟೆ

ಮಗುವಿನ ಹೊಟ್ಟೆಯ ಹಿಡಿತ ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟ. ಮುಂದಿನ ಎಲ್ಲ ವಾದಗಳೂ ಈ ಲೋಟದೊಳಗೇ ನಡೆಯಬೇಕು.

ಎದೆಹಾಲಿನ ಪ್ರತಿ 100 ಮಿಲಿಲೀಟರಿನಲ್ಲಿ 65ರಿಂದ 70 ಕಿಲೋ ಕ್ಯಾಲೊರಿ ಇರುತ್ತದೆ. ಒಂದು ಲೋಟ ಅಂದರೆ ಸುಮಾರು 130. ಅದೇ ಲೋಟವನ್ನು ಗಂಜಿ ತಿಳಿಯಿಂದ ತುಂಬಿಸಿದರೆ ಏನಾಗುತ್ತದೆ? ತಿಳಿಯೊಂದಿಗೆ ಹತ್ತು ಗ್ರಾಂನಷ್ಟು ಅಕ್ಕಿಯ ಅಂಶ ಹೋಗಿದೆ ಎಂದು ಉದಾರವಾಗಿಯೇ ಎಣಿಸೋಣ. ಸಿಗುವುದು 35 ಕಿಲೋ ಕ್ಯಾಲೊರಿ. ಹೊಟ್ಟೆ ತುಂಬಿತು, ಮಗು ಮಲಗಿತು, ಮುಂದಿನ ಹಾಲಿನ ಹೊತ್ತಿಗೆ ಬಾಯಿ ತಿರುಗಿಸಿತು. ‘ಗಂಜಿ ಒಗ್ಗಿತು’ ಎಂದು ಮನೆಯವರಿಗೆ ಸಮಾಧಾನ. ಆದರೆ ಆ ಹೊತ್ತಿನ ಸುಮಾರು ನೂರು ಕಿಲೋ ಕ್ಯಾಲೊರಿ ಮಗುವಿನ ಕೈತಪ್ಪಿತು. ಹೀಗೆ ದಿನಕ್ಕೆ ಮೂರು ಹೊತ್ತು ನಡೆದರೆ ತೂಕದ ಗೆರೆ ಮೇಲೇರದೆ ಅಡ್ಡಕ್ಕೆ ಮಲಗುತ್ತದೆ. ತಾಯಿ-ಮಗುವಿನ ಕಾರ್ಡಿನಲ್ಲಿ ಆರನೆಯ ತಿಂಗಳ ನಂತರ ಗೆರೆ ಸಪ್ಪೆಯಾಗುವುದಕ್ಕೆ ರೋಗವೇ ಕಾರಣ ಆಗಬೇಕಿಲ್ಲ. ಹಲವು ಸಲ ಕಾರಣ ಬರಿಯ ನೀರು.

ಈಗ ಅದೇ ಲೋಟಕ್ಕೆ ಮೂವತ್ತು ಗ್ರಾಂ ಅಕ್ಕಿ ಮತ್ತು ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಒಂದು ಚಿಕ್ಕ ಚಮಚ ತೆಂಗಿನೆಣ್ಣೆ ಹಾಕಿ ಮಸೆದರೆ 150ರ ಹತ್ತಿರ ಬರುತ್ತದೆ. ಪದಾರ್ಥ ಅಜ್ಜಿಯದೇ, ಅಡುಗೆಮನೆಯೂ ಆಕೆಯದೇ. ಬದಲಾದದ್ದು ಗಟ್ಟಿತನ ಮಾತ್ರ. ಚಮಚ ಓರೆ ಮಾಡಿದಾಗ ಸುರಿದುಹೋಗದೆ ನಿಲ್ಲಬೇಕು ಎನ್ನುವ ಪರೀಕ್ಷೆ ಸಾಕು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ ಹುಡಿ ಮಾಡಿಡುವ ಹಳೆಯ ಕ್ರಮ ಇಲ್ಲಿ ಬಹಳ ಬುದ್ಧಿವಂತಿಕೆಯದು. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಮಣ್ಣಿ ಅಂಟಂಟಾಗದೆ ನುಂಗಲು ಹಗುರವಾಗುತ್ತದೆ.

ಆಹಾರ ಎಷ್ಟು ಬೇಕು? ಎದೆಹಾಲು ಚೆನ್ನಾಗಿ ಸಿಗುವ ಮಗುವಿಗೆ ಆರರಿಂದ ಎಂಟು ತಿಂಗಳಲ್ಲಿ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ ಸಿಕ್ಕರೆ ಸಾಕು, ಒಂಬತ್ತರಿಂದ ಹನ್ನೊಂದರಲ್ಲಿ 300, ಒಂದು ವರ್ಷ ದಾಟಿದ ಮೇಲೆ 550. ಇವು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಸರಾಸರಿಗಳು. ಒಟ್ಟು ಅಗತ್ಯ ಸುಮಾರು 600, 700, 900 ಎಂದು ಇಟ್ಟುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಶುರುವಿನಲ್ಲಿ ಅನ್ನದ ಪಾಲು ಮೂರನೆಯ ಒಂದು, ವರ್ಷ ತುಂಬುವ ಮೊದಲು ಅರ್ಧಕ್ಕಿಂತ ತುಸು ಕಡಿಮೆ, ಆಮೇಲೆ ಅರ್ಧಕ್ಕಿಂತ ಹೆಚ್ಚು. ಹಾಲನ್ನು ಯಾರೂ ನಿಲ್ಲಿಸುವುದಿಲ್ಲ; ಅದು ತಾನಾಗಿ ಪಕ್ಕಕ್ಕೆ ಸರಿದು ಕೂರುತ್ತದೆ.

ಆರು ತಿಂಗಳೇ ಏಕೆ

ಕ್ಯಾಲೊರಿಯಷ್ಟೇ ಸಾಲದೆಂದಿದ್ದರೆ ಹಾಲನ್ನೇ ಹೆಚ್ಚಿಸಬಹುದಿತ್ತು. ನಿಜವಾದ ಕೊರತೆ ಕಬ್ಬಿಣಾಂಶದ್ದು. ಮಗು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಸರಿಸುಮಾರು ಆರು ತಿಂಗಳು ಬರುತ್ತದೆ. ಎದೆಹಾಲಿನ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುವಂಥದ್ದಾದರೂ ಪ್ರಮಾಣದಲ್ಲಿ ತೀರ ಕಡಿಮೆ. ದಾಸ್ತಾನು ಮುಗಿದ ಮೇಲೆ ಅಗತ್ಯದ ಬಹುಪಾಲು ಚಮಚದಿಂದಲೇ ಬರಬೇಕು.

ಕೇರಳದ ಶಿಶುಮರಣ ದರ 2023ರ ಅಂಕಿಅಂಶದಂತೆ ಸಾವಿರ ಜನನಕ್ಕೆ 5. ದೇಶದ ಸರಾಸರಿ 25. ಹೆಮ್ಮೆ ಪಡುವ ಸಾಧನೆ. ಅದೇ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 39.4ರಷ್ಟು ಮಂದಿಗೆ ರಕ್ತಹೀನತೆ ಇರುವುದನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ಕರ್ನಾಟಕದಲ್ಲಿ ಅದು ಶೇ. 65.5. ಅಂದರೆ ಆಸ್ಪತ್ರೆ ಎಷ್ಟೇ ಚೆನ್ನಾಗಿದ್ದರೂ ತಟ್ಟೆಯಲ್ಲಿ ಇಲ್ಲದ್ದನ್ನು ಅದು ಕೊಡಲಾರದು.

ಇಲ್ಲಿ ಸಂಪ್ರದಾಯದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅನ್ನಪ್ರಾಶನ, ಮಲಯಾಳದ ಚೋರೂಣು, ಗಂಡುಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಗಂಡುಮಗುವಿಗೆ ಆರು ಸರಿಯಾಗಿ ಹೊಂದುತ್ತದೆ. ಹೆಣ್ಣುಮಗುವಿಗೆ ಐದು ಇಲ್ಲವೆ ಏಳು. ಐದಕ್ಕೇ ಊಟ ಶುರುವಾದರೆ ಎದೆಹಾಲು ಬೇಗ ಕಡಿಮೆಯಾಗಿ ಭೇದಿಯ ಅಪಾಯ ಹೆಚ್ಚುತ್ತದೆ, ಏಳಕ್ಕೆ ಮುಂದೂಡಿದರೆ ಕಬ್ಬಿಣದ ದಾಸ್ತಾನು ಬರಿದಾಗಿ ಒಂದು ತಿಂಗಳು ಕಳೆಯುತ್ತದೆ. ದೇವಸ್ಥಾನದಲ್ಲಿ ನಾಲ್ಕು ಅಗುಳು ಬಾಯಿಗಿಡುವ ಶಾಸ್ತ್ರಕ್ಕೆ ಯಾವ ತಿಂಗಳಾದರೂ ಸೈ. ಅಡುಗೆಮನೆಯ ದಿನ ಮಾತ್ರ 180ನೆಯದು. ಎರಡನ್ನೂ ಬೇರೆ ಮಾಡಿಕೊಂಡರೆ ಜಗಳವೇ ಇಲ್ಲ.

ಕಬ್ಬಿಣ ಎಲ್ಲಿಂದ? ಮೊಟ್ಟೆ, ಮಾಂಸ, ಮೀನು ತಿನ್ನುವ ಮನೆಗೆ ದಾರಿ ಹತ್ತಿರ. ಮುಳ್ಳು ಬಿಡಿಸಿ ಮಸೆದ ಬೂತಾಯಿ ಅಥವಾ ಬಂಗುಡೆ, ಖಾರದ ಮಸಾಲೆ ಹಾಕುವ ಮೊದಲೇ ತೆಗೆದಿಟ್ಟದ್ದು, ಆರು ತಿಂಗಳ ನಂತರದ ಮಗುವಿಗೆ ಯೋಗ್ಯ ಆಹಾರ. ಕರಾವಳಿಯಲ್ಲಿ ಮೀನು ಸುಲಭವಾಗಿ ಸಿಕ್ಕರೂ ‘ಮಗುವಿಗೆ ಮೀನು ಒಂದು ವರ್ಷದ ನಂತರ’ ಎಂಬ ನಂಬಿಕೆ ಬಲವಾಗಿರುವುದು ವಿಚಿತ್ರ. ಸಸ್ಯಾಹಾರಿ ಮನೆಗಳಲ್ಲಿ ಹೆಸರು, ಕಡಲೆ, ಹರಿವೆ, ನುಗ್ಗೆಸೊಪ್ಪು ಇವೆ. ಆದರೆ ಧಾನ್ಯ, ಸೊಪ್ಪಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ನೆನೆಸುವುದು, ಮೊಳಕೆ ಬರಿಸುವುದು, ಜೊತೆಗೆ ಪೇರಳೆಯಂಥ ಹಣ್ಣು ಅಥವಾ ನಾಲ್ಕು ಹನಿ ಲಿಂಬೆರಸ ಕೊಡುವುದು ಹೀರುವಿಕೆಯನ್ನು ಹೆಚ್ಚಿಸುತ್ತವೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್, ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್, ಇದೇ ಅಂತರವನ್ನು ತುಂಬುವುದಕ್ಕಾಗಿ. ಮಲ ಕಪ್ಪಾಯಿತೆಂದು ಹೆದರಿ ಬಾಟಲಿಯನ್ನು ಕಪಾಟಿನಲ್ಲಿಟ್ಟವರು ಹೆದರಿದ್ದು ಔಷಧದ ಸಹಜ ಬಣ್ಣಕ್ಕೆ.

ಹಸುವಿನ ಹಾಲಿನ ತಕರಾರು

ಮೊದಲ ಸುದ್ದಿಗೆ ಬರೋಣ. ಅಮೆರಿಕದ ಮಕ್ಕಳ ತಜ್ಞರ ಸಂಘ, ಬ್ರಿಟನ್ನಿನ ಆರೋಗ್ಯ ಸೇವೆ ಎರಡೂ ಹನ್ನೆರಡು ತಿಂಗಳವರೆಗೆ ಹಸುವಿನ ಹಾಲು ಮುಖ್ಯ ಪಾನೀಯ ಆಗಬಾರದು ಎನ್ನುತ್ತವೆ. ನಮ್ಮ ಕಡೆಯ ಬಹಳ ಮಂದಿ ಮಕ್ಕಳ ವೈದ್ಯರೂ ಹಾಗೆಯೇ ಹೇಳುತ್ತಾರೆ. ಕಾರಣ ಗಟ್ಟಿಯಾದದ್ದು. ಹಸುವಿನ ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಅದರ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನ್ ಬೇರೆ ಆಹಾರದ ಕಬ್ಬಿಣವನ್ನೂ ತಡೆಯುತ್ತವೆ. ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಲೂ ಅದು ಕಾರಣವಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಲ್ಲಗಳೆದಿಲ್ಲ. ಅದು ಕೇಳಿದ ಪ್ರಶ್ನೆ ಬೇರೆ: ಎದೆಹಾಲು ಸಿಗದ ಆರರಿಂದ ಹನ್ನೊಂದು ತಿಂಗಳ ಮಗುವಿಗೆ ಡಬ್ಬದ ಹಾಲೊಂದೇ ಗತಿಯೇ? ಡಬ್ಬದ ಬೆಲೆ ತಾಳಲಾರದೆ ನೀರು ಹೆಚ್ಚಿಸಿ ಕಲಸುವುದು, ಶುದ್ಧವಲ್ಲದ ನೀರು, ತೊಳೆಯದ ಬಾಟಲಿ ಇವುಗಳ ಅಪಾಯವನ್ನೂ ತಕ್ಕಡಿಗೆ ಹಾಕಿ, ಎರಡರಲ್ಲಿ ಯಾವುದನ್ನಾದರೂ ಕೊಡಬಹುದು ಎಂದಿತು. ಅದು ಷರತ್ತಿನ ಶಿಫಾರಸು, ಹಿಂದಿರುವ ಪುರಾವೆ ದುರ್ಬಲ ಎಂಬುದನ್ನೂ ತಾನೇ ಬರೆದುಕೊಂಡಿತು. ಎದೆಹಾಲು ಕುಡಿಯುವ ಮಗುವಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಲಂಡನ್ನಿನ ಸಲಹೆ ಡಬ್ಬ ಕೊಳ್ಳಬಲ್ಲ ಮನೆಯನ್ನು ನೆನೆದು ಹೇಳಿದ್ದು, ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕೊಳ್ಳಲಾಗದ ಮನೆಯನ್ನೂ ನೆನೆದು ಹೇಳಿದ್ದು. ಕಾಸರಗೋಡಿನಲ್ಲಿ ಎರಡೂ ಬಗೆಯ ಮನೆಗಳಿವೆ. ಆದ್ದರಿಂದ ವೈದ್ಯರು ಮನೆ ನೋಡಿ ಹೇಳುವ ಮಾತೇ ಇಲ್ಲಿ ಸರಿ, ಮೊಬೈಲಿನ ಮಾತಲ್ಲ.

‘ನಮ್ಮದು ಕಾಸರಗೋಡು ಗಿಡ್ಡ, ಊರಿನ ದನ’ ಎಂಬ ಸಮಾಧಾನವೂ ಕೇಳಿಬರುತ್ತದೆ. ಬದಿಯಡ್ಕದ ಬೇಳದಲ್ಲಿ ಆ ತಳಿಯ ಸಂರಕ್ಷಣೆಗೆಂದೇ ಕೇಂದ್ರವಿದೆ, ತಳಿ ಉಳಿಯಲೇಬೇಕು. ಆದರೆ ದನ ಗಿಡ್ಡವಾದ ಮಾತ್ರಕ್ಕೆ ಅದರ ಹಾಲಿನಲ್ಲಿ ಕಬ್ಬಿಣ ಹುಟ್ಟುವುದಿಲ್ಲ.

ವರ್ಷ ತುಂಬಿದ ಮೇಲೆ ತೊಂದರೆ ತಿರುವುಮುರುವಾಗುತ್ತದೆ. ಆಗ ಹಸುವಿನ ಹಾಲು ಕೊಡಬಹುದು, ಆದರೆ ಅರ್ಧ ಲೀಟರ್ ದಾಟದಂತೆ ನೋಡಿಕೊಳ್ಳುವುದು ಲೇಸು. ದಿನಕ್ಕೆ ಮುಕ್ಕಾಲು ಲೀಟರ್, ಒಂದು ಲೀಟರ್ ಬಾಟಲಿಯಲ್ಲಿ ಕುಡಿಯುವ ಒಂದೂವರೆ ವರ್ಷದ ಮಗುವಿಗೆ ಊಟಕ್ಕೆ ಹಸಿವೇ ಇರುವುದಿಲ್ಲ. ಊಟ ಮಾಡುವುದಿಲ್ಲವೆಂದು ಮತ್ತೊಂದು ಬಾಟಲಿ ಕೊಡುತ್ತಾರೆ. ಮಲಬದ್ಧತೆ ಬರುತ್ತದೆ, ಮಗು ಬಿಳಿಚಿಕೊಳ್ಳುತ್ತದೆ, ರಕ್ತ ಕಡಿಮೆಯಾದಷ್ಟೂ ಹಸಿವು ಕುಗ್ಗುತ್ತದೆ. ಈ ಸುಳಿಯಿಂದ ಹೊರಬರುವ ದಾರಿ ಟಾನಿಕ್ ಅಲ್ಲ, ಬಾಟಲಿಯ ಬದಲು ಲೋಟ. ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಒಂದು ವರ್ಷ ದಾಟಿದ ಮಕ್ಕಳ ಹಾಲಿನ ಡಬ್ಬಗಳು ಇರುತ್ತವಲ್ಲ, ಅವು ಅಗತ್ಯವಿಲ್ಲವೆಂದು ಅದೇ 2023ರ ಮಾರ್ಗಸೂಚಿ ನೇರವಾಗಿ ಹೇಳಿದೆ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಮ್ಮಲ್ಲಿ 1992ರ ಕಾನೂನು, 2003ರ ತಿದ್ದುಪಡಿ ನಿಷೇಧಿಸಿವೆ. ಗಲ್ಫ್‌ನಿಂದ ಬಂದ ಡಬ್ಬಕ್ಕೆ ಜಾಹೀರಾತು ಬೇಕಾಗಿಲ್ಲ, ತಂದೆಯ ಪ್ರೀತಿಯೇ ಸಾಕು.

ಹುಡಿಯ ಲೆಕ್ಕ

ಸಕ್ಕರೆಯ ಸುದ್ದಿ ಬಂದಾಗ ಕಂಪನಿಯ ಮೇಲೆ ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ಸಿಟ್ಟು ಮನೆಯ ಕಪಾಟಿನವರೆಗೆ ಬರಲಿಲ್ಲ. ಕೇರಳದ ಅಂಗನವಾಡಿಗಳ ಮೂಲಕ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಸಿಗುವ ಅಮೃತಂ ನ್ಯೂಟ್ರಿಮಿಕ್ಸ್‌ನ ಸೂತ್ರ ರೂಪುಗೊಂಡದ್ದು ನಮ್ಮದೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ತಯಾರಿಸುವವರು ಕೇರಳದ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀ ಘಟಕಗಳ ಮಹಿಳೆಯರು. ಹಲವು ವರ್ಷ ಪಾಲಿಸಿಕೊಂಡು ಬಂದ ಸೂತ್ರ ಹೀಗಿದೆ: ನೂರು ಗ್ರಾಂನಲ್ಲಿ ಗೋಧಿ 45, ಕಡಲೆಬೇಳೆ 15, ಸೋಯಾ 10, ನೆಲಗಡಲೆ 10, ಸಕ್ಕರೆ 20.

ಐದರಲ್ಲಿ ಒಂದು ಪಾಲು ಸಕ್ಕರೆ. ಇಪ್ಪತ್ತೈದು ಗ್ರಾಂ ಹುಡಿ ಕಲಸಿದರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆ ಹೋಗುತ್ತದೆ. ಎರಡು ವರ್ಷದವರೆಗೆ ಸೇರಿಸಿದ ಸಕ್ಕರೆ ಬೇಡವೆನ್ನುವ ಇಂದಿನ ಸಲಹೆಯ ಎದುರು ಇದು ನಿಲ್ಲುವುದಿಲ್ಲ. ಸಮರ್ಥನೆ ಇಲ್ಲವೆಂದಲ್ಲ. ಹಸಿವೇ ದೊಡ್ಡ ಸಮಸ್ಯೆಯಾಗಿದ್ದ ಕಾಲದಲ್ಲಿ ಕಡಿಮೆ ಖರ್ಚಿನಲ್ಲಿ ಶಕ್ತಿಯನ್ನೂ ರುಚಿಯನ್ನೂ ಕೊಡುವ ವಸ್ತು ಸಕ್ಕರೆಯೇ ಆಗಿತ್ತು. ಹುಡಿಯಲ್ಲಿರುವ ಬೇಳೆ ಮತ್ತು ನೆಲಗಡಲೆ ಬರಿಯ ಗಂಜಿಗಿಂತ ಎಷ್ಟೋ ಮೇಲು. ಆದ್ದರಿಂದ ಪೊಟ್ಟಣವನ್ನು ಎಸೆಯುವುದು ತಪ್ಪು ಪಾಠ. ಈಗ ಕೈಯಲ್ಲಿರುವ ಪೊಟ್ಟಣದ ಮೇಲಿನ ಪಟ್ಟಿ ಓದುವುದು ಒಳ್ಳೆಯದು.

ಇದಕ್ಕಿಂತ ಕಡಿಮೆ ಚರ್ಚೆಯಾದ ಇನ್ನೊಂದು ತೊಡಕು ಪ್ರಮಾಣದ್ದು. ಪೂರಕ ಪೌಷ್ಟಿಕ ಆಹಾರದ ರಾಷ್ಟ್ರೀಯ ಮಾನದಂಡ ಆರು ತಿಂಗಳಿಂದ ಮೂರು ವರ್ಷದವರೆಗಿನ ಪ್ರತಿ ಮಗುವಿಗೆ ದಿನಕ್ಕೆ 500 ಕಿಲೋ ಕ್ಯಾಲೊರಿ ಎಂದು ನಿಗದಿಪಡಿಸಿದೆ. ಏಳು ತಿಂಗಳ ಮಗುವಿಗೂ ಅಷ್ಟೇ, ಎರಡೂವರೆ ವರ್ಷದ ಅದರ ಅಣ್ಣನಿಗೂ ಅಷ್ಟೇ. ಏಳು ತಿಂಗಳ ಮಗುವಿಗೆ ಆಹಾರದಿಂದ ಬೇಕಾದದ್ದು 200 ಎಂದು ಮೇಲೆ ನೋಡಿದೆವು. ಸರ್ಕಾರ ಕೊಟ್ಟ ಪಾಲನ್ನು ಚಾಚೂ ತಪ್ಪದೆ ಮುಗಿಸಿದ ತಾಯಿ, ಮಗುವಿನ ಹೊಟ್ಟೆಯಿಂದ ಎದೆಹಾಲನ್ನು ತಾನೇ ಹೊರಗೆ ತಳ್ಳಿದಂತಾಗುತ್ತದೆ. ಮಾನದಂಡ ಹಂಚಿಕೆಯ ಅನುಕೂಲಕ್ಕೆ ಮಾಡಿದ್ದು, ಊಟದ ಅಳತೆಗಲ್ಲ ಎಂದು ಯಾರಾದರೂ ಆ ತಾಯಿಗೆ ಬಿಡಿಸಿ ಹೇಳಬೇಕಿತ್ತು. ಆರರಿಂದ ಎಂಟು ತಿಂಗಳ ಮಗುವಿಗೆ ದಿನದ ಎರಡು ಮೂರು ಊಟಗಳಲ್ಲಿ ಒಂದು ಹುಡಿಯದಾಗಲಿ. ಉಳಿದವು ಮನೆಯ ಅನ್ನ, ಬೇಳೆ, ಮೀನು, ತರಕಾರಿ. ಕಲಸುವಾಗ ಮತ್ತೆ ಸಕ್ಕರೆ ಬೇಡ. ಓಲೆಬೆಲ್ಲವೂ ಕಲ್ಲುಸಕ್ಕರೆಯೂ ಮಗುವಿನ ಹಲ್ಲಿಗೆ, ನಾಲಿಗೆಗೆ ಸಕ್ಕರೆಯೇ. ಜೇನು ಒಂದು ವರ್ಷದವರೆಗೆ ಖಂಡಿತ ಬೇಡ, ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮೊದಲು ಹಾಲೋ, ಊಟವೋ

ಇದಕ್ಕೆ ಕಲ್ಲಿನಲ್ಲಿ ಕೊರೆದ ನಿಯಮವಿಲ್ಲ. ಒಗ್ಗುವವರೆಗೆ, ಅಂದರೆ ಮೊದಲ ಕೆಲವು ವಾರ, ಸ್ವಲ್ಪ ಹಾಲು ಕುಡಿದು ಸಮಾಧಾನಗೊಂಡ ಮಗು ಚಮಚವನ್ನು ಸುಲಭವಾಗಿ ಸ್ವೀಕರಿಸುತ್ತದೆ. ಒಂಬತ್ತು ತಿಂಗಳ ನಂತರ ಊಟ ಮೊದಲಾದರೆ ಕಬ್ಬಿಣ ಇರುವ ಆಹಾರಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ. ರಾತ್ರಿ ಮತ್ತು ಬೆಳಗಿನ ಜಾವದ ಎದೆಹಾಲನ್ನು ಊಟದೊಂದಿಗೆ ಪೈಪೋಟಿಗೆ ನಿಲ್ಲಿಸುವ ಅಗತ್ಯವೇ ಇಲ್ಲ. ಜ್ವರ, ಭೇದಿಯ ದಿನಗಳಲ್ಲಿ ಮಗು ಊಟ ಬಿಟ್ಟು ಎದೆಹಾಲಿಗೇ ಅಂಟಿಕೊಂಡರೆ ಅದು ಹಟವಲ್ಲ. ಗುಣವಾದ ಮೇಲೆ ಒಂದು ಹೊತ್ತು ಹೆಚ್ಚು ಉಣಿಸಿದರೆ ನಷ್ಟ ತುಂಬುತ್ತದೆ.

ಬೀಡಿ ಎಲೆ ಮತ್ತು ಇಪ್ಪತ್ತಾರು ವಾರ

ಇಷ್ಟು ಲೆಕ್ಕದಲ್ಲಿ ತಾಯಿಯ ಹೊತ್ತು ಯಾವುದು ಎಂಬುದನ್ನು ಯಾರೂ ಹಾಕಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ಬಳಸಿಕೊಂಡವಳಿಗೆ ಮಗು ನಾಲ್ಕು ತಿಂಗಳಾಗುವಷ್ಟರಲ್ಲಿ ರಜೆ ಮುಗಿಯುತ್ತದೆ. ಐದನೆಯ ತಿಂಗಳಿಗೇ ಗಂಜಿ ತಿಳಿ ಶುರುವಾಗಲು ಅಜ್ಜಿಯ ನಂಬಿಕೆಗಿಂತ ಈ ತಾರೀಕು ದೊಡ್ಡ ಕಾರಣ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎಂದು ಕಾನೂನು ಹೇಳುತ್ತದೆ.

ಕಾಸರಗೋಡಿನ ಎಷ್ಟೋ ತಾಯಂದಿರು ಮನೆಯ ಜಗಲಿಯಲ್ಲೇ ಕೂತು ಬೀಡಿ ಕಟ್ಟುವವರು. ಮಗು ಎರಡು ಮಾರು ದೂರದಲ್ಲಿ ಇರುತ್ತದೆ, ಯಾವ ಕೊಠಡಿಯ ಅಗತ್ಯವೂ ಇಲ್ಲ. ಆದರೆ ಅವರ ಕೂಲಿ ಸಾವಿರ ಬೀಡಿಯ ಲೆಕ್ಕಕ್ಕೆ. ಗಟ್ಟಿ ಅನ್ನ ಮಸೆದು, ಕೈಯ ಹೊಗೆಸೊಪ್ಪಿನ ಹುಡಿಯನ್ನು ಸೋಪಿನಲ್ಲಿ ತೊಳೆದು, ಮಗುವಿಗೆ ನಿಧಾನವಾಗಿ ಇಪ್ಪತ್ತು ನಿಮಿಷ ಉಣಿಸಿ ಬಂದರೆ ಸಂಜೆ ಕಟ್ಟು ಎಣಿಸುವಾಗ ಅಷ್ಟು ಬೀಡಿ ಕಡಿಮೆ ಬೀಳುತ್ತದೆ. ಬಾಟಲಿಯಾದರೆ ಮಗುವೇ ಹಿಡಿದುಕೊಳ್ಳುತ್ತದೆ.